ಹಿಂಭಾರವಾದ ಗಾಡಿ

ಕಳೆದ ಡಿಸೆಂಬರಿನ ಒಂದು ಸಂಜೆ. ಹಲಸೂರಿನ ಮನೆಯಲ್ಲಿ ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳ ರಾಶಿಯ ಮುಂದೆ ಕೂತು, ಸನ್ನೆಗೋಲಿನ ತತ್ವವನ್ನು ನನ್ನ ಶಿಷ್ಯರು ಎಷ್ಟು ಬಗೆಯಲ್ಲಿ ತಪ್ಪು ಬರೆಯಬಲ್ಲರೆಂದು ನೋಡುತ್ತಿದ್ದೆ. ಅಷ್ಟರಲ್ಲಿ ಅಮೆರಿಕದಿಂದ ಅಕ್ಕನ ಮಗಳ ಫೋನು.

"ಮಾವ, ನೀವು ಸೈನ್ಸ್ ಮೇಷ್ಟ್ರಲ್ವಾ? ನಮ್ಮ ಮನೆ ಬಾಲ ಆಡಿಸ್ತಿದೆ. ಏನ್ ಮಾಡ್ಲಿ?"

ನಾಯಿ ಬಾಲ ಆಡಿಸುವುದು ಗೊತ್ತು. ಮನೆ ಬಾಲ ಆಡಿಸುವುದೆಂದರೇನು?

ವಿಷಯ ಇಷ್ಟು. ಅವಳಿರುವುದು ಮಿಷಿಗನ್ನಿನಲ್ಲಿ. ಅಲ್ಲಿ ಚಳಿಗಾಲವೆಂದರೆ ಮೊಣಕಾಲುದ್ದ ಹಿಮ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವಂತೆ, ಅಲ್ಲಿನ ಜನ ಚಳಿ ಬಂತೆಂದರೆ ದಕ್ಷಿಣದ ಫ್ಲೋರಿಡಾಕ್ಕೆ ಹೊರಡುತ್ತಾರೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಲಿಯ ಮನೆಯೊಂದನ್ನು ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿಕೊಂಡು, 75ನೇ ನಂಬರ್ ಹೆದ್ದಾರಿಯಲ್ಲಿ ಸಾವಿರಾರು ಕಿಲೋಮೀಟರ್ ಎಳೆದುಕೊಂಡು ಹೋಗುವುದು ಅಲ್ಲಿ ಸಾಮಾನ್ಯ. ಇವಳೂ ಗಂಡನೂ ಅಂಥದೊಂದನ್ನು ಬಾಡಿಗೆಗೆ ಹಿಡಿದು ನಾಲ್ಕು ವರ್ಷದ ಮಗುವಿನೊಂದಿಗೆ ಹೊರಟಿದ್ದರು. ಈಗ ಕೆಂಟಕಿ ರಾಜ್ಯದಲ್ಲಿ ರಸ್ತೆ ಬದಿ ನಿಲ್ಲಿಸಿಕೊಂಡಿದ್ದಾರೆ. ವೇಗ ಸ್ವಲ್ಪ ಹೆಚ್ಚಿದರೆ ಸಾಕು, ಹಿಂದಿನ ಮನೆ ಎಡಕ್ಕೂ ಬಲಕ್ಕೂ ಹಾವಿನಂತೆ ತೊನೆಯುತ್ತದಂತೆ. ಮುಂದೆ ಟೆನೆಸ್ಸೀಯ ಗುಡ್ಡಗಳ ಇಳಿಜಾರು.

"ಯಾವಾಗಿನಿಂದ?" ಎಂದೆ.

"ನಿನ್ನೆಯೆಲ್ಲ ಸರಿಯಾಗಿತ್ತು ಮಾವ. ಇವತ್ತು ಬೆಳಿಗ್ಗೆಯಿಂದ."

"ನಿನ್ನೆಗೂ ಇವತ್ತಿಗೂ ಏನು ಬದಲಾಯಿತು?"

ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು. ಊರಿನಲ್ಲಿ ಹೊರಟಾಗ ನೀರು ಹೆಪ್ಪುಗಟ್ಟೀತೆಂದು ಟ್ಯಾಂಕನ್ನು ಖಾಲಿ ಇಟ್ಟಿದ್ದರು. ಚಳಿ ಕಡಿಮೆಯಾಯಿತೆಂದು ಹಿಂದಿನ ರಾತ್ರಿ ತಂಗಿದ ಕಡೆ ತುಂಬಿಸಿಕೊಂಡಿದ್ದಾರೆ. ಟ್ಯಾಂಕು ಇರುವುದು ಮನೆಯ ಹಿಂಭಾಗದಲ್ಲಿ. ಅದರ ಹಿಂದೆ ಮೂರು ಸೈಕಲ್ಲು ಬೇರೆ ನೇತಾಡುತ್ತಿವೆ.

ನನ್ನ ಕೈ ತಣ್ಣಗಾಯಿತು. ಇದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೆ.

2010ರ ಜನವರಿ 15, ಸಂಕ್ರಾಂತಿಯ ಮಾರನೆಯ ದಿನ. ಅಂದು ಕಂಕಣ ಸೂರ್ಯಗ್ರಹಣ. ಚಂದ್ರನ ಸುತ್ತ ಬೆಳಕಿನ ಬಳೆ ಗರಿಷ್ಠ 11 ನಿಮಿಷ 8 ಸೆಕೆಂಡು ಕಾಣುವ ಗ್ರಹಣ. ಅಷ್ಟು ದೀರ್ಘವಾದದ್ದು ಮತ್ತೆ ಬರುವುದು ಸಾವಿರ ವರ್ಷ ಕಳೆದು, 3043ರಲ್ಲಿ. ಬೆಂಗಳೂರಿಗೆ ಬಳೆಯ ಭಾಗ್ಯವಿರಲಿಲ್ಲ, ರಾಮೇಶ್ವರಕ್ಕಿತ್ತು. ಸಹೋದ್ಯೋಗಿಯೊಬ್ಬರ ಬಳಿ ಹಳೆಯ ಜೀಪಿತ್ತು. ಶಿವಾಜಿನಗರದ ಗುಜರಿಯಲ್ಲಿ ಮಿಲಿಟರಿಯವರು ಬಳಸಿ ಬಿಟ್ಟ ಎರಡು ಗಾಲಿಯ ಪುಟ್ಟ ಟ್ರೇಲರೊಂದು ಸಿಕ್ಕಿತು. ಟೆಂಟು, ಅಕ್ಕಿ ಮೂಟೆ, ಒಲೆ, ಪಾತ್ರೆ ಎಲ್ಲ ಅದರಲ್ಲಿ. ದೂರದರ್ಶಕವನ್ನು ಮಾತ್ರ ಮಗುವಿನ ಹಾಗೆ ಜೀಪಿನೊಳಗೆ ಇಟ್ಟುಕೊಂಡೆವು. ನಿಜವಾದ ಮಕ್ಕಳೂ ಇದ್ದರು: ನನ್ನ ಮಗಳು, ಅವರ ಮಗ.

ನೀರಿನ ಡ್ರಮ್ಮನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂದಾಗ ಉತ್ತರ ಕೊಟ್ಟವನು ನಾನು. "ಹಿಂದಿನ ಹಲಗೆಯ ಹತ್ತಿರವೇ ಇರಲಿ, ನಲ್ಲಿ ತಿರುಗಿಸಲು ಅನುಕೂಲ."

ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿದೆವು. ಆಗ ಏಳನೆಯ ನಂಬರಿನ, ಈಗ 44ನೆಯ ನಂಬರಿನ ಹೆದ್ದಾರಿ. ಧರ್ಮಪುರಿ ಕಳೆದು ಸೇಲಂಗೆ ಹೋಗುವ ದಾರಿಯಲ್ಲಿ ತೊಪ್ಪೂರು ಘಾಟಿ ಸಿಗುತ್ತದೆ. ಅಪಘಾತಗಳಿಗೆ ಹೆಸರಾದ ಉದ್ದನೆಯ ಇಳಿಜಾರು. ಅಲ್ಲಿ ಟ್ರೇಲರು ತೊನೆಯಲು ಶುರುವಾಯಿತು. ಮೊದಲು ಗೇಣಿನಷ್ಟು, ಆಮೇಲೆ ಮೊಳದಷ್ಟು, ಆಮೇಲೆ ಜೀಪಿನ ಬೆನ್ನನ್ನೇ ಹಿಡಿದು ಅಲುಗಿಸತೊಡಗಿತು. ಸ್ನೇಹಿತರು ಗಾಬರಿಯಿಂದ ಬ್ರೇಕ್ ಒತ್ತಿದರು. ಮರುಕ್ಷಣ ಟ್ರೇಲರು ಪಕ್ಕಕ್ಕೆ ಬಂದು, ಜೀಪು ರಸ್ತೆಗೆ ಅಡ್ಡವಾಗಿ ತಿರುಗಿ, ಬದಿಯ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ಹಾರ್ನ್ ಹೊಡೆಯುತ್ತ ನಮ್ಮನ್ನು ಸವರಿಕೊಂಡೇ ಹೋಯಿತು. ಡ್ರಮ್ಮು ಒಡೆದಿತ್ತು. ಮಕ್ಕಳಿಗೆ ಏನೂ ಆಗಿರಲಿಲ್ಲ. ಅದು ನಮ್ಮ ಜಾಣತನದಿಂದಲ್ಲ.

ಮುಂದೆ ಹೋಗಿ ನಿಲ್ಲಿಸಿದ ಆ ಲಾರಿಯ ಚಾಲಕ ನಡೆದು ಬಂದ. ಬೈಯುತ್ತಾನೆಂದುಕೊಂಡೆ. ಅವನು ಕೊಕ್ಕೆ ಬಿಚ್ಚಿಸಿ, ಟ್ರೇಲರಿನ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. ನೀರು ಸುರಿದುಹೋದ ಮೇಲೂ ಅದು ಹಗುರವಾಗಿತ್ತು. ಮೂಟೆಗಳನ್ನು ಮುಂದಕ್ಕೆ ತಳ್ಳಿ ಎಂದು ತಮಿಳಿನಲ್ಲಿ ಹೇಳಿ ಹೊರಟುಹೋದ.

ಆಗ ನೆನಪಾದವರು ನಮ್ಮಜ್ಜ. ಹೊಸಕೋಟೆ ಕಡೆಯಿಂದ ಹಳೇ ಮದ್ರಾಸ್ ರಸ್ತೆಯಲ್ಲಿ ರಾತ್ರಿಯೆಲ್ಲ ಎತ್ತಿನ ಗಾಡಿ ಹೊಡೆದುಕೊಂಡು, ಬೆಳಗಿನ ಜಾವಕ್ಕೆ ರಸೆಲ್ ಮಾರ್ಕೆಟ್ಟಿಗೆ ತರಕಾರಿ ತರುತ್ತಿದ್ದವರು. ಗಾಡಿ ತುಂಬಿದ ಮೇಲೆ, ಎತ್ತು ಕಟ್ಟುವ ಮೊದಲು, ಮೂಕಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡುವರು. ತೀರ ಹಗುರವಾದರೆ ಎರಡು ಮೂಟೆ ಮುಂದಕ್ಕೆ. ತೀರ ಭಾರವಾದರೆ ಒಂದು ಹಿಂದಕ್ಕೆ. "ನೊಗ ಎತ್ತಿನ ಹೆಗಲ ಮೇಲೆ ಕೂರಬೇಕು ಕಣೋ. ಹಿಂಭಾರ ಆದ್ರೆ ಮೇಲಕ್ಕೆ ಎದ್ದು ಕೊರಳ ಹಗ್ಗ ಬಿಗೀತದೆ" ಎನ್ನುವರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಬಿಎಸ್ಸಿ, ಬಿಎಡ್. ಸನ್ನೆಗೋಲಿನ ಪಾಠವನ್ನು ಅಷ್ಟು ವರ್ಷ ಕರಿಹಲಗೆಯ ಮೇಲೆ ಬರೆದವನು.

ಲೆಕ್ಕ ಬಹಳ ಸರಳ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಅದು ಅಚ್ಚಿನಿಂದ 60 ಸೆಂಟಿಮೀಟರ್ ಹಿಂದಿದೆ, ಕೊಕ್ಕೆ ಅಚ್ಚಿನಿಂದ 150 ಸೆಂಟಿಮೀಟರ್ ಮುಂದಿದೆ ಎನ್ನೋಣ. ನೂರನ್ನು ಅರವತ್ತರಿಂದ ಗುಣಿಸಿ ನೂರೈವತ್ತರಿಂದ ಭಾಗಿಸಿ: ಡ್ರಮ್ಮು ಕೊಕ್ಕೆಯನ್ನು 40 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತದೆ. ಅದನ್ನೇ ಅಚ್ಚಿನಿಂದ 30 ಸೆಂಟಿಮೀಟರ್ ಮುಂದಕ್ಕಿಟ್ಟರೆ 20 ಕಿಲೋ ಕೆಳಕ್ಕೆ ಒತ್ತುತ್ತದೆ. ಮೂರಡಿ ಜಾಗ ಬದಲಿಸಿದ್ದಕ್ಕೆ 60 ಕಿಲೋ ವ್ಯತ್ಯಾಸ. ಗಾಲಿಮನೆ ಎಳೆಯುವ ಅಮೆರಿಕದವರ ಲೆಕ್ಕದಲ್ಲಿ ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಕೂರಬೇಕು. ಅಜ್ಜನ ಕೈ ಹೇಳುತ್ತಿದ್ದದ್ದೂ ಇದನ್ನೇ.

ಹಿಂಭಾರವಾದರೆ ತೊನೆಯುವುದೇಕೆ? ಷಟಲ್ ಕಾಕನ್ನು ನೋಡಿ. ಭಾರದ ಬಿರಡೆ ಮುಂದೆ, ಹಗುರ ಗರಿ ಹಿಂದೆ. ಹೇಗೆ ಹೊಡೆದರೂ ಬಿರಡೆಯೇ ಮುಂದಾಗಿ ಹೋಗುತ್ತದೆ. ಓರೆಯಾದರೆ ಗರಿ ಅದನ್ನು ನೆಟ್ಟಗೆ ಮಾಡುತ್ತದೆ. ಟ್ರೇಲರಿನಲ್ಲಿ ಗರಿಯ ಕೆಲಸ ಗಾಲಿಗಳದ್ದು. ಭಾರ ಗಾಲಿಗಿಂತ ಮುಂದಿದ್ದರೆ, ಪಕ್ಕಕ್ಕೆ ಸರಿದ ಗಾಡಿಯನ್ನು ಗಾಲಿಗಳು ದಾರಿಗೆ ತರುತ್ತವೆ. ಭಾರ ಹಿಂದಿದ್ದರೆ, ಗಾಡಿ ಮಧ್ಯಕ್ಕೆ ಬಂದರೂ ಬಾಲ ನಿಲ್ಲದೆ ಆಚೆಗೆ ಹಾಯುತ್ತದೆ. ವೇಗ ಹೆಚ್ಚಿದಷ್ಟೂ ಗಾಲಿಗಳ ಹಿಡಿತ ಈ ತೂಗಾಟವನ್ನು ತಣಿಸುವುದು ಕಡಿಮೆ. ಒಂದು ಮಿತಿ ದಾಟಿದರೆ ಪ್ರತಿ ತೂಗಾಟವೂ ಹಿಂದಿನದಕ್ಕಿಂತ ದೊಡ್ಡದು. ಸ್ಟೀರಿಂಗ್ ತಿರುಗಿಸಿ ಸರಿಪಡಿಸುತ್ತೇನೆಂದು ಹೊರಟರೆ ನಮ್ಮ ಕೈ ಒಂದು ಕ್ಷಣ ತಡ. ಉಯ್ಯಾಲೆಯನ್ನು ನಿಲ್ಲಿಸಲು ಹೋಗಿ ಇನ್ನಷ್ಟು ತಳ್ಳಿದ ಹಾಗಾಗುತ್ತದೆ. ಬ್ರೇಕ್ ಒತ್ತಿದರೆ ಮುಂದಿನ ವಾಹನ ನಿಧಾನವಾಗುತ್ತದೆ, ಬ್ರೇಕಿಲ್ಲದ ಟ್ರೇಲರು ಹಿಂದಿನಿಂದ ನುಗ್ಗಿ ಅದನ್ನು ತಿರುಗಿಸುತ್ತದೆ.

ಇಷ್ಟನ್ನೂ ಅಕ್ಕನ ಮಗಳಿಗೆ ಹೇಳಲಿಲ್ಲ. ಹೇಳಿದ್ದು ನಾಲ್ಕೇ ಮಾತು. "ನೀರು ಪೂರ್ತಿ ಚೆಲ್ಲಿಬಿಡಮ್ಮ, ಫ್ಲೋರಿಡಾದಲ್ಲೂ ಸಿಗತ್ತೆ. ಸೈಕಲ್ ಇಳಿಸಿ ಮುಂದಿನ ಕೋಣೆಯೊಳಗೆ ಕಟ್ಟಿಹಾಕು. ಇಳಿಜಾರು ಶುರುವಾಗೋ ಮೊದಲೇ ವೇಗ ತಗ್ಗಿಸು. ಮತ್ತೆ ತೊನೆದರೆ ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರಿಂದ ಕಾಲು ತೆಗಿ. ಕಾರಿನ ಬ್ರೇಕ್ ಮುಟ್ಟಬೇಡ." ಅಲ್ಲಿನ ಟ್ರೇಲರುಗಳಿಗೆ ಬೇರೆಯೇ ಬ್ರೇಕು, ಚಾಲಕನ ಕೈಗೆ ಅದರ ಗುಂಡಿ ಇರುತ್ತದೆ, ಬೇಕಾದರೆ ಅದನ್ನು ಮಾತ್ರ ಒತ್ತು ಎಂದೆ.

ಫೋನಿಟ್ಟ ಮೇಲೆ ಉತ್ತರ ಪತ್ರಿಕೆಗಳ ಮೇಲೆ ಮನಸ್ಸು ನಿಲ್ಲಲಿಲ್ಲ.

ಗಾಲಿಮನೆ ಅಮೆರಿಕದವರ ಪಾಡು, ನಮಗೇಕೆ ಎನ್ನಬೇಡಿ. ಕೆ.ಆರ್. ಪುರದ ನಮ್ಮ ಶಾಲೆಯ ಮುಂದೆ ದಿನವೂ ಟ್ರ್ಯಾಕ್ಟರುಗಳು ನೀರಿನ ಟ್ಯಾಂಕರ್ ಎಳೆದುಕೊಂಡು ಹೋಗುತ್ತವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಅವುಗಳ ಓಡಾಟ ಹೇಗಿತ್ತೆಂದು ನಮ್ಮ ಪೂರ್ವದ ಬಡಾವಣೆಗಳ ಜನಕ್ಕೆ ಹೇಳಬೇಕಾಗಿಲ್ಲ. ನಾಲ್ಕು ಸಾವಿರ ಲೀಟರ್ ನೀರೆಂದರೆ ನಾಲ್ಕು ಟನ್. ಎಳೆಯುವ ಟ್ರ್ಯಾಕ್ಟರ್ ಸುಮಾರು ಎರಡು ಟನ್. ಎಷ್ಟೋ ಟ್ರೇಲರುಗಳಿಗೆ ಬ್ರೇಕಿಲ್ಲ, ಹಿಂದೆ ಕೆಂಪು ದೀಪವೂ ಇಲ್ಲ. ತುಂಬಿದ ಟ್ಯಾಂಕಿನ ನೀರು ಸುಮ್ಮನಿರುತ್ತದೆ. ಅರ್ಧ ಖಾಲಿಯಾದದ್ದು ತುಳುಕಿ ತುಳುಕಿ ಭಾರವನ್ನು ಹಿಂದಕ್ಕೂ ಮುಂದಕ್ಕೂ ಒಯ್ಯುತ್ತದೆ. ಇದೇ ಚಳಿಗಾಲದಲ್ಲಿ ಮಂಡ್ಯದ ಕಡೆ ಕತ್ತಲಲ್ಲಿ ಕಬ್ಬಿನ ಟ್ರೇಲರುಗಳು ಸಾಲುಗಟ್ಟಿರುತ್ತವೆ. ಟ್ರೇಲರ್ ಇರುವವರು ಹೊರಡುವ ಮುನ್ನ ಭಾರ ಎಲ್ಲಿದೆ ನೋಡಿಕೊಳ್ಳಿ, ಬೆನ್ನಿಗೆ ಒಂದು ಕೆಂಪು ಪ್ರತಿಫಲಕ ಅಂಟಿಸಿ. ಇಲ್ಲದವರು ಅವುಗಳ ಪಕ್ಕದಲ್ಲಿ ನುಸುಳಬೇಡಿ, ಇಳಿಜಾರಿನಲ್ಲಂತೂ ಬೇಡವೇ ಬೇಡ. ನನ್ನ ಮಕ್ಕಳಿಗೆ, ಎಂದರೆ ಶಾಲೆಯ ನಾನ್ನೂರು ಮಕ್ಕಳಿಗೆ, ಪ್ರತಿ ವರ್ಷ ಹೇಳುತ್ತೇನೆ.

ಅಂದಹಾಗೆ, ನಾವು ರಾಮೇಶ್ವರ ಮುಟ್ಟಿದೆವು. ಮೂಟೆಗಳನ್ನು ಮುಂದಕ್ಕೆ ಸರಿಸಿ, ಮಧುರೆಯಲ್ಲಿ ಎಳ್ಳುಬೆಲ್ಲ ತಿಂದು, ಎರಡು ಕಿಲೋಮೀಟರಿಗೂ ಉದ್ದದ ಪಾಂಬನ್ ಸೇತುವೆಯನ್ನು ಸಮುದ್ರದ ಅಡ್ಡಗಾಳಿಯಲ್ಲಿ ದಾಟಿದಾಗ ಟ್ರೇಲರು ಸಾಧು ಹಸುವಿನಂತೆ ಹಿಂಬಾಲಿಸಿತು. ಮಾರನೆಯ ಮಧ್ಯಾಹ್ನ ಸುಮಾರು ಹತ್ತು ನಿಮಿಷ ಬೆಳಕಿನ ಬಳೆ ನೋಡಿದೆವು. ಎಲ್ಲರೂ ಆಕಾಶ ನೋಡುತ್ತಿದ್ದಾಗ, ಕಪ್ಪು ಕನ್ನಡಕ ಹಾಕಿಕೊಂಡ ಮಗಳನ್ನು ನಾನು ಆಗಾಗ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅಕ್ಕನ ಮಗಳ ಸಂದೇಶ ಬಂದಿತ್ತು. "ಗುಡ್ಡ ಇಳಿದಾಯ್ತು ಮಾವ. ಬಾಲ ಆಡಲಿಲ್ಲ. ಮಗು ನಿದ್ದೆ ಮಾಡ್ತಿದೆ."

ಉಳಿದ ಪತ್ರಿಕೆಗಳನ್ನು ತೆಗೆದುಕೊಂಡೆ. ಸನ್ನೆಗೋಲನ್ನು ತಪ್ಪು ಬರೆದವರಿಗೆಲ್ಲ ಆ ದಿನ ಅರ್ಧ ಅಂಕ ಹೆಚ್ಚು ಕೊಟ್ಟೆ.