ಗಾಳಿಯ ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

ತರೀಕೆರೆಯ ಅಡಿಕೆ ವ್ಯಾಪಾರಿಯ ತಕ್ಕಡಿಗೂ ಕಡೂರಿನ ಸಂತೆಯ ತೂಕದ ಬಟ್ಟಿಗೂ ನಿಗದಿತ ಅವಧಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದರೆ ರೈತ ಜಗಳಕ್ಕೆ ನಿಲ್ಲುತ್ತಾನೆ. ಕಾನೂನೂ ಅವನ ಬೆನ್ನಿಗಿದೆ. ಆದರೆ ಗಾಳಿಯ ತೇವವನ್ನು ತೂಗುವ ಉಪಕರಣದ ಮುದ್ರೆಯನ್ನು ಆತ ಎಂದಾದರೂ ಕೇಳಿದ್ದಾನೆಯೆ?

ಇದು ಕುಚೋದ್ಯದ ಪ್ರಶ್ನೆಯಲ್ಲ. 2016ರಲ್ಲಿ ಪುನಾರಚನೆಗೊಂಡ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಲ್ಲಿ ಪರಿಹಾರವನ್ನು ನಿರ್ಧರಿಸುವುದು ತೋಟದಲ್ಲಿ ಉದುರಿದ ಕಾಯಿಯಲ್ಲ, ಮಾಪನ ಕೇಂದ್ರದ ಅಂಕಿ. ಮಳೆ, ಉಷ್ಣಾಂಶ, ಗಾಳಿ, ಆರ್ದ್ರತೆಗಳೇ ಅಲ್ಲಿ ಸಾಕ್ಷಿ ನುಡಿಯುತ್ತವೆ. ಸಾಕ್ಷಿಗೆ ಪಾಟೀಸವಾಲೇ ಇಲ್ಲದಿದ್ದರೆ ಅದು ಎಂತಹ ನ್ಯಾಯ?

ಪರೀಕ್ಷಿಸುವುದು ತಜ್ಞರ ಕೆಲಸ, ಹಳ್ಳಿಗರಿಗೆ ಎಟುಕದು ಎಂಬ ಮಾತು ಸುಳ್ಳು. ಕೈಯಲ್ಲಿ ತಿರುಗಿಸುವ ಆರ್ದ್ರತಾಮಾಪಕದಲ್ಲಿರುವುದು ಎರಡು ಉಷ್ಣಮಾಪಕಗಳು, ಒಂದರ ಬಲ್ಬಿಗೆ ಸುತ್ತಿದ ಒದ್ದೆ ಬಟ್ಟೆ, ಅಷ್ಟೇ. ಬಟ್ಟೆ ಬಿಚ್ಚಿ, ಎರಡನ್ನೂ ಒಣಗಿಸಿ, ನೆರಳಿನಲ್ಲಿ ತಿರುಗಿಸಿದಾಗ ಎರಡೂ ಒಂದೇ ಉಷ್ಣಾಂಶ ತೋರಬೇಕು. ತೋರದಿದ್ದರೆ ಆ ವ್ಯತ್ಯಾಸವನ್ನು ಬರೆದಿಟ್ಟು ಪ್ರತಿ ಸಲವೂ ಲೆಕ್ಕದಲ್ಲಿ ಸರಿಪಡಿಸಬೇಕು. ಮರುಜೋಡಿಸುವಾಗ ಶುಭ್ರವಾದ ಹತ್ತಿಬಟ್ಟೆಯನ್ನೇ ಸುತ್ತಬೇಕು. ಬಟ್ಟಿ ಇಳಿಸಿದ ನೀರನ್ನೋ ಶುದ್ಧ ಮಳೆನೀರನ್ನೋ ಬಳಸಬೇಕು. ಕೊಳವೆಬಾವಿಯ ಗಡಸು ನೀರಾದರೆ ಬಟ್ಟೆಯಲ್ಲಿ ಲವಣ ಕಟ್ಟಿಕೊಂಡು ಒದ್ದೆ ಬಲ್ಬ್ ತಣಿಯಬೇಕಾದಷ್ಟು ತಣಿಯುವುದಿಲ್ಲ. ಒಣ ಬಲ್ಬ್ 32 ಡಿಗ್ರಿ, ಒದ್ದೆ ಬಲ್ಬ್ 22 ಡಿಗ್ರಿ ಇದ್ದರೆ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 42. ಒದ್ದೆ ಬಲ್ಬ್ ತಪ್ಪಾಗಿ 24 ತೋರಿದರೆ ಅದು ಸುಮಾರು ಶೇ. 52 ಆಗುತ್ತದೆ. ಎರಡೇ ಡಿಗ್ರಿಯ ಕೊಳೆ, ಒಣಗಾಳಿಯನ್ನು ಕಾಗದದ ಮೇಲೆ ತಂಪಾಗಿಸುತ್ತದೆ.

ವಿದ್ಯುನ್ಮಾನ ಮಾಪಕಕ್ಕೂ ಪರೀಕ್ಷೆಯಿದೆ. ಕಾಲೇಜಿನ ಪ್ರಯೋಗಶಾಲೆಯ ಶುದ್ಧ ಉಪ್ಪಿಗೆ ತುಸು ನೀರು ಬೆರೆಸಿ ಕೆಸರಿನಂತೆ ಕಲಸಿ, ಬಿಗಿಮುಚ್ಚಳದ ಗಾಜಿನ ಭರಣಿಯಲ್ಲಿಟ್ಟು, ಉಪ್ಪು ತಾಗದಂತೆ ಮಾಪಕವನ್ನು ಒಳಗಿರಿಸಿ ಒಂದು ರಾತ್ರಿ ಬಿಡಬೇಕು. 25 ಡಿಗ್ರಿಯ ಆಸುಪಾಸಿನಲ್ಲಿ ಭರಣಿಯೊಳಗಿನ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 83 ಎಂದರೆ ಅದು ಎಂಟು ಅಂಶ ಹೆಚ್ಚು ನುಡಿಯುತ್ತಿದೆ ಎಂದೇ ಅರ್ಥ.

ಈ ಸೀಮೆಗೆ ಇದು ಇನ್ನೂ ಅಗತ್ಯ. ತರೀಕೆರೆಯ ದಕ್ಷಿಣಕ್ಕೆ ಕೆಮ್ಮಣ್ಣುಗುಂಡಿಯ ಮಂಜು, ಪಶ್ಚಿಮಕ್ಕೆ ಭದ್ರಾ ಅಭಯಾರಣ್ಯದ ಹಸಿರು. ಹಿಂದೆ ಅದೇ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದಲ್ಲಿ ಬಯಲಿನ ಬಿಸಿಲು. ಕಡೂರು ಮಳೆನೆರಳಿನ ನಾಡು. ಕೆಲವೇ ಹರದಾರಿಗಳಲ್ಲಿ ಗಾಳಿಯ ಗುಣ ಬದಲಾಗುವಲ್ಲಿ ಹೋಬಳಿಯ ಕೇಂದ್ರವೊಂದು ಎಲ್ಲ ತೋಟಗಳ ಪರವಾಗಿ ಮಾತನಾಡಲಾರದು. ತೇವ ಹೆಚ್ಚಿದಲ್ಲಿ ಕೊಳೆರೋಗ, ಒಣಗಿದಲ್ಲಿ ಕಾಡ್ಗಿಚ್ಚು: ಎರಡು ಸಂಕಟಗಳಿಗೆ ಒಂದೇ ಅಂಕಿಯ ಮುಲಾಮು ಸಲ್ಲದು.

ಹಳ್ಳಿಯ ಮಾಪಕದ ಅಂಕಿಯನ್ನು ವಿಮಾ ಕಂಪೆನಿ ಒಪ್ಪದು, ನಿಜ. ಆದರೆ ಪರೀಕ್ಷಿಸಿದ ಮಾಪಕದಿಂದ ಕೇಂದ್ರದ ಬದಿಯಲ್ಲೇ ನಿಂತು ದಿನವೂ ಬರೆದಿಟ್ಟ ಪುಸ್ತಕವು ಪ್ರಶ್ನಿಸುವ ಬಲ ಕೊಡುತ್ತದೆ. ಕೇಂದ್ರದ ಉಪಕರಣ ಕೊನೆಯ ಬಾರಿ ಪರೀಕ್ಷೆಗೊಳಗಾದದ್ದು ಎಂದು, ಕಂಡುಬಂದ ದೋಷವೆಷ್ಟು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಆ ದಿನಾಂಕವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯಿಸಬೇಕು.

ಪ್ರತಿ ಕಾಲೇಜು ಒಂದು ಮಾಪಕವನ್ನು ಬಿಚ್ಚಿ, ತೊಳೆದು, ಜೋಡಿಸಲಿ. ಪ್ರತಿ ಊರು ಒಂದು ಪುಸ್ತಕ ತೆರೆಯಲಿ. ಅಳೆಯಲು ಬಾರದವರ ಪಾಲನ್ನು ಅಳೆಯುವವರೇ ನಿರ್ಧರಿಸುತ್ತಾರೆ.