ಒಂದು ಹಾಳೆಗೆ ಮುಕ್ಕಾಲು ಕೋಟಿ: ಗುಟೆನ್‌ಬರ್ಗ್ ಬೈಬಲಿನ ತುಂಡುಗಳ ‘ಪಹಣಿ’ ಹುಡುಕಿದಾಗ

2015ರಲ್ಲಿ ನ್ಯೂಯಾರ್ಕ್‌ನ ಸದಬೀಸ್ ಹರಾಜಿಗೆ ಹಳೇ ಪುಸ್ತಕವೊಂದರ 8 ಹಾಳೆ ಬಂದಿದ್ದವು. ಪೂರ್ತಿ ಪುಸ್ತಕ ಅಲ್ಲ, ಬರೀ 8 ಹಾಳೆ. ಹೋಗಿದ್ದು 9 ಲಕ್ಷ 70 ಸಾವಿರ ಡಾಲರ್‌ಗೆ. ಅವತ್ತಿನ ದರದಲ್ಲಿ ಸುಮಾರು 6 ಕೋಟಿ ರೂಪಾಯಿ. ಅಂದ್ರೆ ಒಂದೊಂದು ಹಾಳೆಗೆ ಹತ್ತಿರ ಹತ್ತಿರ ಮುಕ್ಕಾಲು ಕೋಟಿ ಬಿತ್ತು.

ಆ ಹಾಳೆಗಳು ಗುಟೆನ್‌ಬರ್ಗ್ ಬೈಬಲಿನವು. ಜರ್ಮನಿಯ ಮೈಂಜ್ ಪಟ್ಟಣದಲ್ಲಿ 1455ರ ಹೊತ್ತಿಗೆ ಅಚ್ಚಾಗಿ ಮುಗಿದ ಪುಸ್ತಕ ಇದು. ಯುರೋಪಿನಲ್ಲಿ ಬಿಡಿ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಮೊದಲ ದೊಡ್ಡ ಪುಸ್ತಕವೂ ಇದೇ. ಅಚ್ಚಾಗಿದ್ದು ಸುಮಾರು 180 ಪ್ರತಿ ಅಂತ ವಿದ್ವಾಂಸರ ಅಂದಾಜು. ಪೂರ್ತಿಯಾಗಿಯೋ, ಬಹುಪಾಲೋ ಉಳಿದಿರೋದು 50ಕ್ಕಿಂತ ಕಮ್ಮಿ.

ಇಷ್ಟು ದುಡ್ಡು ಬೀಳೋಕೆ ಹಾಳೆ ಅಪರೂಪದ್ದಾಗಿದ್ರೆ ಮಾತ್ರ ಸಾಲದು. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದಕ್ಕೆ ದಾಖಲೆ ಬೇಕು. ಸೈಟ್ ಕೊಳ್ಳುವವರು ಮದರ್ ಡೀಡ್ ಕೇಳ್ತಾರೆ, ಇ.ಸಿ. ತೆಗೆಸ್ತಾರೆ. ಹಳೇ ಪುಸ್ತಕದ ವ್ಯಾಪಾರದಲ್ಲೂ ಅದೇ ಕಥೆ. ದಾಖಲೆ ಸರಿ ಇಲ್ಲದ ಹಾಳೆಯನ್ನು ದೊಡ್ಡ ಲೈಬ್ರರಿಗಳು ಮುಟ್ಟೋಕೂ ಹಿಂಜರಿಯುತ್ತವೆ.

2024ರಲ್ಲಿ ಆಸ್ಟ್ರೇಲಿಯಾದ ಪತ್ರಕರ್ತ ಮೈಕೆಲ್ ವಿಸೊಂಟೆ ಈ ಹಾಳೆಗಳ ಬೆನ್ನು ಹತ್ತಿ ಒಂದು ಪುಸ್ತಕವನ್ನೇ ತಂದಿದ್ದಾರೆ. ಹಾಳೆಗಳನ್ನು ಬಿಡಿಸಿ ಮಾರಿದ ವ್ಯಾಪಾರಿಗೂ ಅವರ ಕುಟುಂಬಕ್ಕೂ ನಂಟಿತ್ತು. ಆ ಎಳೆ ಹಿಡಿದು ಹುಡುಕಾಟ ಶುರುವಾಗಿದ್ದು. ಪಕ್ಕದ ತಮಿಳುನಾಡಿನಲ್ಲೂ ಹಳೇ ಅಚ್ಚಿನ ಪುಸ್ತಕದ ಕಳವು ಪ್ರಕರಣವೊಂದು 17 ವರ್ಷದ ನಂತರ ಜೀವ ಪಡೆದಿದೆ. ಹಾಗಾಗಿ ಈ ‘ಯಾರದ್ದು, ಎಲ್ಲಿಂದ ಬಂತು’ ಅನ್ನೋ ಪ್ರಶ್ನೆ ದೂರದ ಊರಿನ ಶ್ರೀಮಂತರಿಗೆ ಮಾತ್ರ ಸೇರಿದ್ದಲ್ಲ.

ಅರಮನೆಯಿಂದ ವ್ಯಾಪಾರಿಯ ಮೇಜಿಗೆ

ಈ ಪ್ರತಿಯ ಹಕ್ಕು ಬದಲಾವಣೆಯ ಸರಪಳಿ ಸಾಕಷ್ಟು ಸ್ಪಷ್ಟವಾಗಿದೆ. 18ನೇ ಶತಮಾನದಲ್ಲಿ ಇದು ಜರ್ಮನಿಯ ಪ್ಯಾಲಟಿನೇಟ್ ಪ್ರಾಂತ್ಯದ ದೊರೆ ಕಾರ್ಲ್ ಥಿಯೊಡೋರ್‌ನ ಪತ್ನಿ ಮರಿಯಾ ಎಲಿಜಬೆತ್ ಆಗಸ್ಟಾ ಅವರ ಬಳಿ ಇತ್ತು. ಮ್ಯಾನ್‌ಹೈಮ್ ಅರಮನೆಯ ಪುಸ್ತಕ ಸಂಗ್ರಹದಿಂದ ಮುಂದೆ ಮ್ಯೂನಿಕ್‌ನ ರಾಜ ಗ್ರಂಥಾಲಯ ಸೇರಿತು. ಅಲ್ಲಿ ಅದಾಗಲೇ ಇದೇ ಬೈಬಲಿನ ಇನ್ನೊಂದು ಪ್ರತಿ ಇತ್ತು. ಎರಡು ಯಾಕೆ ಅಂತ 1832ರಲ್ಲಿ ‘ನಕಲು ಪ್ರತಿ’ ಲೆಕ್ಕಕ್ಕೆ ಹಾಕಿ ಇದನ್ನು ಮಾರಿಬಿಟ್ಟರು.

ಪುಸ್ತಕ ಇಂಗ್ಲೆಂಡಿನ ರಾಬರ್ಟ್ ಕರ್ಜನ್ ಕೈ ಸೇರಿತು. ಈ ಕರ್ಜನ್ ಪೂರ್ವದೇಶಗಳ ಮಠಗಳನ್ನೆಲ್ಲ ಸುತ್ತಿ ಹಳೇ ಹಸ್ತಪ್ರತಿ ಕೂಡಿಹಾಕಿದ ಸಂಗ್ರಾಹಕ, ಮುಂದೆ ಲಾರ್ಡ್ ಝೂಷ್ ಅನ್ನೋ ಬಿರುದಿಗೆ ಬಂದವನು. ಅವನ ವಂಶದವರ ಬಳಿ ಪುಸ್ತಕ ಹಲವು ದಶಕ ಭದ್ರವಾಗಿತ್ತು. 1920ರ ನವೆಂಬರ್ 9ರಂದು ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಜೋಸೆಫ್ ಸೇಬಿನ್ ಅನ್ನೋ ವ್ಯಾಪಾರಿ ಕೊಂಡ. ಅವನಿಂದ ನ್ಯೂಯಾರ್ಕಿನ ಇನ್ನೊಬ್ಬ ಪುಸ್ತಕ ವ್ಯಾಪಾರಿ, ಹಂಗೇರಿ ಮೂಲದ ಗೇಬ್ರಿಯಲ್ ವೆಲ್ಸ್ ಕೊಂಡ.

ಇಲ್ಲಿವರೆಗೂ ಒಂದೇ ಸರ್ವೆ ನಂಬರ್. ಇಲ್ಲಿಂದ ಮುಂದೆ ಪೋಡಿ.

ಬಿಡಿಸಿ ಮಾರಿದ ವೆಲ್ಸ್

ವೆಲ್ಸ್ ಕೈಗೆ ಬಂದಾಗ ಪ್ರತಿ ಪೂರ್ತಿ ಇರಲಿಲ್ಲ. 643 ಹಾಳೆ ಇರಬೇಕಾದ ಪುಸ್ತಕದಲ್ಲಿ ಸುಮಾರು 50 ಹಾಳೆ ಮೊದಲೇ ಹೋಗಿದ್ದವು. ವೆಲ್ಸ್ ಹೊಲಿಗೆ ಬಿಚ್ಚಿದ. 1921ರಲ್ಲಿ ಹಾಳೆ ಹಾಳೆಯಾಗಿ, ಕೆಲವು ಕಡೆ ಬೈಬಲಿನ ಒಂದು ಇಡೀ ಅಧ್ಯಾಯಗುಚ್ಛವಾಗಿ ಮಾರಾಟಕ್ಕಿಟ್ಟ. ಪ್ರತಿ ಹಾಳೆಗೂ ಒಳ್ಳೇ ಚರ್ಮದ ಹೊದಿಕೆ ಹಾಕಿಸಿದ. ಜತೆಗೆ ಎ. ಎಡ್ವರ್ಡ್ ನ್ಯೂಟನ್ ಎಂಬ ಹೆಸರಾಂತ ಪುಸ್ತಕಪ್ರೇಮಿಯಿಂದ ಒಂದು ಪ್ರಬಂಧ ಬರೆಸಿ ಅಚ್ಚು ಮಾಡಿ ಇಟ್ಟ. ಪ್ರಬಂಧದ ಹೆಸರು ‘ಎ ನೋಬಲ್ ಫ್ರಾಗ್ಮೆಂಟ್’, ಅಂದ್ರೆ ಉದಾತ್ತ ತುಂಡು. ಅಂದಿನಿಂದ ಈ ಹಾಳೆಗಳಿಗೆ ಅದೇ ಹೆಸರು ಉಳೀತು. 2015ರಲ್ಲಿ ಹರಾಜಾದ 8 ಹಾಳೆಗಳೂ ಇದೇ ಪ್ರತಿಯಿಂದ ಬಂದ ‘ಎಸ್ತರ್’ ಭಾಗ. ಮಾರುವ ಮುಂಚೆ ಅವು ನ್ಯೂಯಾರ್ಕಿನ ಜ್ಯೂಯಿಶ್ ಥಿಯಲಾಜಿಕಲ್ ಸೆಮಿನರಿಯ ಲೈಬ್ರರಿಯಲ್ಲಿದ್ದವು.

ಎಕರೆಗಟ್ಟಲೆ ಜಮೀನು ತಗೊಂಡು 30-40 ಸೈಟ್ ಮಾಡಿ ಮಾರುವ ಲೆಕ್ಕವೇ ಇದು. ಒಟ್ಟಿಗೆ ಕೊಳ್ಳುವವನು ಒಬ್ಬ ಸಿಗೋದು ಕಷ್ಟ. ಬಿಡಿಯಾಗಿ ಕೊಳ್ಳುವವರು ನೂರಾರು ಜನ.

ವೆಲ್ಸ್ ಪರವಾಗಿ ಹೇಳೋಕೂ ಮಾತಿದೆ. ಪುಸ್ತಕ ಹೇಗಿದ್ದರೂ ಅಪೂರ್ಣ. ಇಡೀ ಬೈಬಲ್ ಕೊಳ್ಳುವ ತಾಕತ್ತಿಲ್ಲದ ಸಣ್ಣ ಕಾಲೇಜು, ಊರಿನ ಲೈಬ್ರರಿಗಳಿಗೂ ಒಂದು ಅಸಲಿ ಹಾಳೆ ಸಿಕ್ಕಿತು. ಮಕ್ಕಳು ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಕಣ್ಣಾರೆ ನೋಡಿದರು. ಒಂದೇ ಕಡೆ ಇದ್ದು ಒಂದು ಬೆಂಕಿಗೆ ಹೋಗೋ ಅಪಾಯವೂ ತಪ್ಪಿತು.

ಆದ್ರೆ ಕಳೆದದ್ದು ಏನು ಅನ್ನೋದನ್ನೂ ನೋಡಬೇಕು. ಗುಟೆನ್‌ಬರ್ಗ್ ಅಚ್ಚು ಮಾಡಿದ್ದು ಕಪ್ಪು ಅಕ್ಷರ. ಅಧ್ಯಾಯದ ದೊಡ್ಡ ಅಕ್ಷರ, ಕೆಂಪು-ನೀಲಿ ಬಣ್ಣದ ಗುರುತುಗಳನ್ನು ಆಮೇಲೆ ಕೈಯಲ್ಲಿ ಬರೆಸುತ್ತಿದ್ದರು. ಹಾಗಾಗಿ ಪ್ರತಿಯೊಂದು ಪ್ರತಿಯೂ ಬೇರೆ ಬೇರೆ. ಯಾವ ಊರಿನ ಕೈ ಬಣ್ಣ ಹಾಕಿತು, ಯಾವ ಮಠದವರು ಯಾವ ಭಾಗ ಹೆಚ್ಚು ಓದಿ ಅಂಚು ಸವೆಸಿದರು, ಯಾರು ಪಕ್ಕದಲ್ಲಿ ಟಿಪ್ಪಣಿ ಬರೆದರು, ಇವೆಲ್ಲ ಪುಸ್ತಕ ಒಟ್ಟಿಗಿದ್ದಾಗ ಮಾತ್ರ ಓದೋಕೆ ಆಗುವ ಸಂಗತಿ. ಮಾಲೀಕನ ಹೆಸರೋ, ಲೈಬ್ರರಿ ಮೊಹರೋ ಸಾಮಾನ್ಯವಾಗಿ ಮೊದಲ ಪುಟಗಳಲ್ಲಿರುತ್ತೆ. ಹೊಲಿಗೆ ಬಿಚ್ಚಿದ ಮೇಲೆ ನಡುವಿನ ಹಾಳೆಗೆ ತಾನು ಯಾರ ಮನೆಯದು ಅಂತ ಹೇಳೋಕೆ ಬಾಯಿಯೇ ಇರಲ್ಲ.

ವಿಚಿತ್ರ ಅಂದ್ರೆ, ಪುಸ್ತಕ ಒಡೆದ ವೆಲ್ಸೇ ಆ ಹಾಳೆಗಳಿಗೆ ಹೊಸ ಹಕ್ಕುಪತ್ರ ಕೊಟ್ಟಂತಾಯ್ತು. ಅವನ ಚರ್ಮದ ಹೊದಿಕೆ, ನ್ಯೂಟನ್ ಪ್ರಬಂಧ ಜತೆಗಿದ್ದರೆ ಹಾಳೆ ಎಲ್ಲಿಯದು ಅನ್ನೋ ಅನುಮಾನ ಬಹುತೇಕ ಮುಗಿಯಿತು. ಯಾರಾದರೂ ಹಾಳೆಗೆ ಫ್ರೇಮ್ ಹಾಕಿಸಿ ಹೊದಿಕೆ ಬಿಸಾಡಿದ್ದರೆ ಮತ್ತೆ ಮೊದಲಿಂದ ಹುಡುಕಬೇಕು.

ಹೊದಿಕೆ ಇಲ್ಲದ ಹಾಳೆಯ ಗುರುತು ಹೇಗೆ?

ಮೊದಲು ಅಚ್ಚು ನೋಡ್ತಾರೆ. ಗುಟೆನ್‌ಬರ್ಗ್ ಬೈಬಲಿನ ಹೆಚ್ಚಿನ ಪುಟಗಳಲ್ಲಿ ಎರಡು ಕಾಲಂ, ಒಂದೊಂದರಲ್ಲಿ 42 ಸಾಲು. ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡೀತಾರೆ. ನೋಟಿನಲ್ಲಿರುವಂತೆ ಅಂದಿನ ಕಾಗದದಲ್ಲೂ ನೀರಚ್ಚು ಇರುತ್ತಿತ್ತು. ಈ ಬೈಬಲಿನ ಕಾಗದದಲ್ಲಿ ಎತ್ತಿನ ತಲೆ, ದ್ರಾಕ್ಷಿ ಗೊಂಚಲು, ಓಡುವ ಎತ್ತು ಕಾಣುತ್ತವೆ.

ಇದರಿಂದ ಯಾವ ಪುಸ್ತಕ ಅಂತ ಗೊತ್ತಾಯ್ತು. ಯಾವ ಪ್ರತಿ ಅಂತ ತಿಳಿಯೋಕೆ ಕೈಬಣ್ಣ ಹೋಲಿಸಬೇಕು. ಹುಳು ತಿಂದ ತೂತೂ ಸಾಕ್ಷಿಯೇ. ಹುಳು ಒಂದು ಹಾಳೆಗೆ ನಿಲ್ಲಲ್ಲ, ಹತ್ತಾರು ಹಾಳೆ ಕೊರೆದು ಹೋಗುತ್ತೆ. ಎರಡು ಹಾಳೆಗಳ ತೂತು ಒಂದರ ಮೇಲೊಂದು ಸರಿಯಾಗಿ ಕೂತರೆ ಅವು ಒಂದು ಕಾಲದಲ್ಲಿ ಅಕ್ಕಪಕ್ಕ ಇದ್ದವು ಅಂತ ಲೆಕ್ಕ. ಕೊನೆಗೆ ಹಳೇ ಹರಾಜು ಪಟ್ಟಿಗಳನ್ನು ತೆಗೆದು ವರ್ಷ, ಹೆಸರು ತಾಳೆ ಹಾಕ್ತಾರೆ. ಮಧ್ಯೆ 20-30 ವರ್ಷದ ಖಾಲಿ ಜಾಗ ಸಿಕ್ಕರೆ, ಅದೂ ಯುದ್ಧದ ಕಾಲ ಆಗಿದ್ರೆ, ಅಲ್ಲಿ ಕೆಂಪು ದೀಪ.

15ನೇ ಶತಮಾನದ ಅಚ್ಚು ಪುಸ್ತಕಗಳ ಇಂಥ ಗುರುತುಗಳನ್ನೆಲ್ಲ ಒಂದೇ ಕಡೆ ಸೇರಿಸೋಕೆ ಯುರೋಪಿನ ಲೈಬ್ರರಿಗಳು ಒಂದು ಸಾರ್ವಜನಿಕ ದತ್ತಾಂಶ ಕೋಶ ನಡೆಸುತ್ತಿವೆ. ಸಹಿ, ಮೊಹರು, ಕೊಂಡ ಬೆಲೆ, ರಟ್ಟಿನ ನಮೂನೆ ಎಲ್ಲ ಅಲ್ಲಿ ದಾಖಲಾಗುತ್ತೆ. ನಮ್ಮಲ್ಲಿ ಪಹಣಿ ಆನ್‌ಲೈನ್ ಆದ ಹಾಗೆ.

ತಮಾಷೆ ಅನಿಸಬಹುದು, ಗುಟೆನ್‌ಬರ್ಗ್ ಹಾಳೆಗಳು ಕೆಲವು ಉಳಿದಿದ್ದು ಲೆಕ್ಕದ ಪುಸ್ತಕಗಳ ದೆಸೆಯಿಂದ. ಕೆಲವು ಪ್ರತಿಗಳನ್ನು ಕಾಗದದ ಬದಲು ಹದ ಮಾಡಿದ ಚರ್ಮದ ಮೇಲೆ ಅಚ್ಚು ಹಾಕಿದ್ದರು. ಕಾಲ ಬದಲಾಗಿ ಆ ಬೈಬಲ್ ಯಾರಿಗೂ ಬೇಡವಾದಾಗ, ಗಟ್ಟಿ ಇದೆ ಅಂತ ಅದರ ಹಾಳೆ ಕಿತ್ತು ಕಂದಾಯದ, ಜಮಾಖರ್ಚಿನ ಪುಸ್ತಕಗಳಿಗೆ ಹೊದಿಕೆ ಹಾಕಿದರು. ಆ ಲೆಕ್ಕದ ಪುಸ್ತಕದ ಮೇಲೆ ಊರು, ವರ್ಷ ಇರುತ್ತಲ್ಲ, ಇವತ್ತು ವಿದ್ವಾಂಸರಿಗೆ ಅದೇ ವಿಳಾಸ.

ಬೇಲಿಯೇ ಎದ್ದು ಹೊಲ ಮೇದಾಗ

ದಾಖಲೆ ಎಷ್ಟು ಮುಖ್ಯ ಅಂತ ಕಳ್ಳರಿಗೇ ಚೆನ್ನಾಗಿ ಗೊತ್ತು. ಇಟಲಿಯ ನೇಪಲ್ಸ್‌ನಲ್ಲಿ ಗಿರೊಲಾಮಿನಿ ಅನ್ನೋ ಹಳೇ ಲೈಬ್ರರಿ ಇದೆ. 2012ರಲ್ಲಿ ಅಲ್ಲಿಂದ ರಾಶಿ ರಾಶಿ ಪುಸ್ತಕ ಕಾಣೆಯಾಗಿದ್ದು ಬಯಲಾಯ್ತು. ಕದ್ದವರ ಗುಂಪಿನ ಮುಂದಾಳು ಲೈಬ್ರರಿಯ ನಿರ್ದೇಶಕ ಮರೀನೊ ಮಾಸ್ಸಿಮೊ ದೆ ಕಾರೊ. 2013ರಲ್ಲಿ ಕೋರ್ಟು ಶಿಕ್ಷೆ ವಿಧಿಸಿತು. ಪುಸ್ತಕ ಸಾಗಿಸಿದ್ದು ಒಂದು ಅಪರಾಧವಾದ್ರೆ, ಲೈಬ್ರರಿ ಮೊಹರು ಅಳಿಸಿ, ಪಟ್ಟಿಯಲ್ಲಿನ ನಮೂದು ನಾಶ ಮಾಡಿದ್ದು ಇನ್ನೂ ದೊಡ್ಡ ಏಟು. ಪಟ್ಟಿಯೇ ಇಲ್ಲ ಅಂದ್ಮೇಲೆ ‘ಇದು ನಮ್ಮದು’ ಅಂತ ಹೇಳೋದು ಹೇಗೆ?

ಇದಕ್ಕೆ ಉಲ್ಟಾ ಉದಾಹರಣೆ ತಂಜಾವೂರಿನದು. 1715ರಲ್ಲಿ ತರಂಗಂಬಾಡಿಯಲ್ಲಿ ಬಾರ್ತೊಲೊಮಿಯಸ್ ಜೀಗೆನ್‌ಬಾಲ್ಗ್ ಎಂಬ ಪಾದ್ರಿ ತಮಿಳಿನ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ. ಅದರ ಒಂದು ಪ್ರತಿ ಪಾದ್ರಿ ಶ್ವಾರ್ಟ್ಸ್ ಮೂಲಕ ತಂಜಾವೂರಿನ ಸರ್ಫೋಜಿ ರಾಜನಿಗೆ ಬಂದು, ಸರಸ್ವತಿ ಮಹಲ್ ಸಂಗ್ರಹ ಸೇರಿತ್ತು. 2005ರಲ್ಲಿ ಅದು ನಾಪತ್ತೆ. ದೂರು ದಾಖಲಾಯ್ತು, ‘ಪತ್ತೆಯಾಗದ ಪ್ರಕರಣ’ ಅಂತ ಮುಚ್ಚಿಯೂ ಆಯ್ತು. ಮುಂದೆ ತಮಿಳುನಾಡು ಪೊಲೀಸರ ವಿಗ್ರಹ ಕಳವು ತಡೆ ಘಟಕ ಕಡತ ಕೈಗೆತ್ತಿಕೊಂಡು, 2022ರಲ್ಲಿ ಲಂಡನ್ನಿನ ಸಂಗ್ರಹವೊಂದರಲ್ಲಿ ಪುಸ್ತಕದ ಗುರುತು ಸಿಕ್ಕಿದೆ ಅಂತ ಪ್ರಕಟಿಸಿತು. ಸುಳಿವು ಕೊಟ್ಟಿದ್ದು ಪುಸ್ತಕದಲ್ಲಿದ್ದ ರಾಜನ ಸಹಿ.

ನೇಪಲ್ಸ್‌ನಲ್ಲಿ ಗುರುತು ಅಳಿಸಿದರು, ತಂಜಾವೂರಿನಲ್ಲಿ ಗುರುತು ಉಳೀತು. ಎರಡು ಪ್ರಕರಣಗಳ ನಡುವಿನ ವ್ಯತ್ಯಾಸ ಇಷ್ಟೇ.

ತಾಲ್ಲೂಕಿನ ಮಟ್ಟಿಗೆ ಇದರ ಅರ್ಥ ಏನು?

ಇಲ್ಲಿನ ಅಟ್ಟದಲ್ಲಿ ಗುಟೆನ್‌ಬರ್ಗ್ ಸಿಗಲ್ಲ. ಆದ್ರೆ ಕನ್ನಡ ಅಚ್ಚಿಗೂ ವಯಸ್ಸಾಗಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಗಿದ್ದು 1817ರಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಶುರುವಾಗಿದ್ದು 1841ರಲ್ಲಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದಿದ್ದು 1843ರಲ್ಲಿ. ಆ ಶತಮಾನದ ಶಾಲಾ ಪುಸ್ತಕ, ಪಂಚಾಂಗ, ಪುರಾಣದ ಅಚ್ಚುಗಳು ಹಳೇ ಮನೆ ಖಾಲಿ ಮಾಡುವಾಗ ಕೆ.ಜಿ. ಲೆಕ್ಕದಲ್ಲಿ ರದ್ದಿಗೆ ಹೋಗೋದು ಹೊಸತೇನಲ್ಲ.

ಕೇಂದ್ರ ಸರ್ಕಾರ 2025-26ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಹೆಸರಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಘೋಷಿಸಿದೆ. ಒಳ್ಳೇ ಕೆಲಸವೇ. ಆದ್ರೆ ಹಸ್ತಪ್ರತಿ ಅಂದ್ರೆ ಕೈಬರಹ. ತಾಳೆಗರಿ ಕಟ್ಟು ಈ ಲೆಕ್ಕಕ್ಕೆ ಬರುತ್ತೆ, 1850ರ ಅಚ್ಚು ಪುಸ್ತಕ ಬರಲ್ಲ. ಹಸ್ತಪ್ರತಿಗೂ ಇವತ್ತಿನ ಪುಸ್ತಕಕ್ಕೂ ನಡುವೆ ಬಿದ್ದ ಹಳೇ ಅಚ್ಚುಗಳನ್ನು ಎಣಿಸೋರು ಯಾರು ಅನ್ನೋದು ಸಮೀಕ್ಷೆ ಮುಗಿದ ಮೇಲೂ ಉಳಿಯುವ ಪ್ರಶ್ನೆ.

ವ್ಯಾಪಾರಿಗಳು ಗಮನಿಸಬೇಕಾದ ಕಾನೂನೂ ಇದೆ. 1972ರ ಪುರಾವಸ್ತು ಕಾಯ್ದೆ ಪ್ರಕಾರ 75 ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ, ದಾಖಲೆಗಳು ಪುರಾವಸ್ತು. ಇತರೆ ಐತಿಹಾಸಿಕ ವಸ್ತುಗಳಿಗೆ ಮಿತಿ 100 ವರ್ಷ. ಇವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಂ ಪ್ರಕಾರ, ಸಾಮಾನ್ಯವಾಗಿ ಮಾರುವವನಿಗೇ ಇಲ್ಲದ ಹಕ್ಕು ಕೊಳ್ಳುವವನಿಗೆ ಬರಲ್ಲ. ‘ದುಡ್ಡು ಕೊಟ್ಟು ತಗೊಂಡಿದ್ದು’ ಅನ್ನೋ ಮಾತು ಕದ್ದ ಮಾಲಿಗೆ ರಕ್ಷಣೆ ಆಗಲ್ಲ. ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದೆ. ಹಳೇ ಪುಸ್ತಕದ ಮೇಲೆ ಲೈಬ್ರರಿಯ, ಶಾಲೆಯ, ಮಠದ ಮೊಹರು ಕಂಡರೆ ತೂಕಕ್ಕೆ ಹಾಕೋ ಮುಂಚೆ ತಂದವರ ಹೆಸರು ಕೇಳಿ ಬರೆದಿಟ್ಟುಕೊಳ್ಳೋದು ಗುಜರಿ ಅಂಗಡಿಯವರಿಗೇ ಕ್ಷೇಮ.

ಮನೆಯಲ್ಲಿ ಹಳೇ ಪುಸ್ತಕ ಇದ್ದವರು ಮಾಡಬಹುದಾದ ಕೆಲಸ ಸುಲಭದ್ದು. ಹರಿದಿದೆ ಅಂತ ರಟ್ಟು ಕೀಳಬಾರದು, ಸೆಲ್ಲೋ ಟೇಪ್ ಹಚ್ಚಬಾರದು, ಹಾಳೆ ಬಿಡಿಸಿ ಫ್ರೇಮ್ ಹಾಕಿಸಬಾರದು. ಮೊದಲ ಪುಟ, ಕೊನೇ ಪುಟ, ಸಹಿ, ಮೊಹರು ಇರುವ ಜಾಗದ ಫೋಟೊ ತೆಗೆದು, ಅಜ್ಜನಿಗೆ ಯಾರಿಂದ ಬಂತು ಅನ್ನೋದನ್ನ ಒಂದು ಚೀಟಿಯಲ್ಲಿ ಬರೆದು ಒಳಗಿಟ್ಟರೆ ಸಾಕು. ಹೇಳೋ ಹಿರಿಯರು ಇರುವಾಗಲೇ ಇದು ಆಗಬೇಕು.

ಇನ್ನು ಸರ್ಕಾರಿ ಲೈಬ್ರರಿ, ಶತಮಾನ ಕಂಡ ಶಾಲೆಗಳ ವಿಷಯ. ಅಲ್ಲಿ ದಾಸ್ತಾನು ವಹಿ ಇದೆಯಾ, ನೂರು ವರ್ಷ ದಾಟಿದ ಪುಸ್ತಕ ಅದರಲ್ಲಿ ಬೇರೆಯಾಗಿ ನಮೂದಾಗಿದೆಯಾ, ಕೊನೇ ಸಲ ತಾಳೆ ನೋಡಿದ್ದು ಯಾವಾಗ? ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಮ್ಯೂನಿಕ್‌ನವರು 1832ರಲ್ಲಿ ಮಾರಿದ್ದಕ್ಕೂ ಒಂದು ದಾಖಲೆ ಇದೆ. ನಮ್ಮಲ್ಲಿ ಏನಿತ್ತು ಅನ್ನೋದಕ್ಕೇ ದಾಖಲೆ ಇಲ್ಲದಿದ್ದರೆ, ಏನು ಹೋಯ್ತು ಅಂತ ದೂರು ಕೊಡೋಕೂ ಆಗಲ್ಲ.