ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ
ಕಳೆದ ಭಾನುವಾರ ಚರ್ಚೊಂದರ ಅಂಗಳದಲ್ಲಿ ಮೇಣದಬತ್ತಿ ಹಚ್ಚುತ್ತಿದ್ದ ತಾಯಿಗೆ ಪಕ್ಕದಲ್ಲಿದ್ದವರು ಹೇಳುತ್ತಿದ್ದರು: ‘ಮಗನಿಗೆ ಮಾತ್ರೆ ನಿಲ್ಲಿಸಿ, ಪ್ರಾರ್ಥನೆ ಸಾಕು. ವಿಶ್ವಾಸ ಇದ್ದವರಿಗೆ ಖಿನ್ನತೆ ಬರೋದಿಲ್ಲ.’ ಆ ತಾಯಿಯ ಕೈಯಲ್ಲಿ ನಾಲ್ಕು ಮಡಿಕೆಯಾದ ನಿಮ್ಹಾನ್ಸ್ ಆಸ್ಪತ್ರೆಯ ಚೀಟಿಯಿತ್ತು. ಪಕ್ಕದವರ ಆ ಮಾತು ಬೈಬಲ್ಲಿಗೇ ವಿರುದ್ಧ. ಬಾಳು ಸಾಕೆನಿಸಿ, ಸಾವು ಬೇಡಿ, ಮರುಭೂಮಿಯ ಗಿಡದಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎರಡನೇ ಸಲ ತಟ್ಟಿ ಎಬ್ಬಿಸಿ ಉಣ್ಣೆಂದ. ಆತ್ಮಹತ್ಯೆ ಮಾಡಿಕೊಂಡವರಿಗೆ ಅಂತ್ಯಕ್ರಿಯೆ ನಿರಾಕರಿಸುತ್ತಿದ್ದ ಕಥೋಲಿಕ ಸಭೆ ಕೂಡ 1983ರ ತನ್ನ ಕಾನೂನು ಸಂಹಿತೆಯಲ್ಲಿ ಆ ನಿಷೇಧ ಕೈಬಿಟ್ಟಿತು. ತೀವ್ರ ಮಾನಸಿಕ ಬಾಧೆ ಅಂಥವರ ಹೊಣೆಯನ್ನು ತಗ್ಗಿಸಬಲ್ಲದು ಎಂದು 1992ರ ಧರ್ಮೋಪದೇಶ ಗ್ರಂಥದಲ್ಲಿ ಬರೆದುಕೊಂಡಿತು. ಪ್ರಾರ್ಥನೆಯಿಂದ, ಪೂಜೆ ಮುಗಿದ ಮೇಲೆ ಹೆಸರು ಹಿಡಿದು ವಿಚಾರಿಸುವ ನಾಲ್ಕು ಜನರಿಂದ, ನೊಂದ ಮನಸ್ಸಿಗೆ ಸಿಗುವ ಆಸರೆ ಸಣ್ಣದಲ್ಲ. ಆದರೆ ಆ ಆಸರೆ ಔಷಧಿಯ ಜಾಗ ಕಸಿಯಬಾರದು. ಗುರುಗಳೇ, ಪಾಸ್ಟರ್‌ಗಳೇ, ಬರುವ ಭಾನುವಾರದ ಪ್ರಕಟಣೆಗಳ ಜತೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನೂ ಓದಿ ಹೇಳಿ. ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.